ನೂರ ನಲವತ್ತೇಳನೆಯ ಅರ್ಜಿ

ಜನವರಿ 6, ಸೋಮವಾರ

ಒಂಬತ್ತು ಅರ್ಜಿ ಮುಗಿದವು. ಹನ್ನೆರಡು ಆಗಬೇಕಿತ್ತು. ಚೆಸ್ ಕ್ಲಬ್ಬಿನವರು ಬಸ್ ಕೇಳಿದ್ದಾರೆ. ಹದಿನಾಲ್ಕು ಜನ ಸದಸ್ಯರು, ನಲವತ್ತು ಸೀಟಿನ ಬಸ್. ಬೆಕ್ಕುಗಳ ಆಶ್ರಯಧಾಮದವರು ‘ಫಲಾನುಭವಿಗಳ ಅಭಿಪ್ರಾಯ’ ಎಂಬ ಜಾಗದಲ್ಲಿ ಪಂಜದ ಗುರುತು ಒತ್ತಿ ಕಳಿಸಿದ್ದಾರೆ. ನಗು ಬಂತು. ಆದರೂ ಆ ಪ್ರಶ್ನೆಗೆ ಸೊನ್ನೆ. ಪಂಜಕ್ಕೆ ಮಾರ್ಕ್ಸ್ ಇಲ್ಲ.

ಐದು ಪ್ರಶ್ನೆ, ತಲಾ ಇಪ್ಪತ್ತು. ಎರಡು ಸಲ ಓದುವುದು, ನಡುವೆ ಒಂದು ಟೀ. ಹದಿನೇಳು ವರ್ಷದಿಂದ ಇದೇ ಪದ್ಧತಿ. ಸಂಘ ಸಂಸ್ಥೆಗಳಿಗೆ ಹಣ ಕೊಡುವ ಆಫೀಸಿನಲ್ಲಿ ಕೂತು ಯಾರಿಗೂ ಒಂದು ಮಾರ್ಕ್ ಹೆಚ್ಚಿಗೆ ಹಾಕಿಲ್ಲ, ಒಂದು ಕಡಿಮೆ ಹಾಕಿಲ್ಲ. ಪಕ್ಕದ ಟೇಬಲ್ಲಿನ ಪೆನ್ಸಿಲ್ ಮೇಡಂಗೆ — ಜುಟ್ಟಿನಲ್ಲಿ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾರೆ, ಅದಕ್ಕೆ ಆ ಹೆಸರು — ಕೆಲಸ ಕಲಿಸಿದ್ದೂ ನಾನೇ. ಮೊದಲ ದಿನವೇ ಹೇಳಿದ್ದೆ: ಬರೆದಿದ್ದಕ್ಕೆ ಮಾರ್ಕ್ಸ್, ಬರೆಯದೆ ಬಿಟ್ಟಿದ್ದಕ್ಕಲ್ಲ.

ಮನೆಗೆ ಬಂದಾಗ ಹೆಂಡತಿ ಕಿಟಕಿಯ ಹತ್ತಿರ ಕೂತಿದ್ದಳು. ಊಟ ಆಯ್ತಾ? “ಹಾಗಲ್ಲ.” ಕೈ ನೋಯ್ತಿದೆಯಾ? “ಹಾಗಲ್ಲ, ಹಾಗಲ್ಲ.”

ಸ್ಟ್ರೋಕ್ ಆಗಿ ಒಂಬತ್ತು ತಿಂಗಳು. ಕಾಲು ವಾಪಸ್ ಬಂತು. ಕೈ ಅರ್ಧ ಬಂತು. ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಬಾಯಲ್ಲಿ ಉಳಿದಿದ್ದು ಈ ಒಂದೇ ಪದ. ಹೌದು ಎನ್ನಲೂ ಅದೇ, ಬೇಡ ಎನ್ನಲೂ ಅದೇ, ಫ್ಯಾನ್ ಹಾಕಿ ಎನ್ನಲೂ ಅದೇ.

ಇಪ್ಪತ್ತೆರಡು ವರ್ಷ ಬಟ್ಟೆ ಅಂಗಡಿಯಲ್ಲಿ ನಿಂತು ವ್ಯಾಪಾರ ಮಾಡಿದವಳು. ಗಿರಾಕಿ ನೀಲಿ ಕೇಳಿದರೆ “ಹಾಗಲ್ಲ, ಇದನ್ನ ಒಂದ್ಸಲ ಮೈಮೇಲೆ ಹಾಕ್ಕೊಂಡು ನೋಡಿ” ಎಂದು ಹಸಿರು ಕಟ್ಟಿ ಕಳಿಸುತ್ತಿದ್ದವಳು. ಮನೆಗೆ ಬಂದರೂ ಬಾಯಿಗೆ ಬಿಡುವಿರಲಿಲ್ಲ. “ಸ್ವಲ್ಪ ಸುಮ್ನಿರ್ತೀಯಾ” ಎಂದು ಎಷ್ಟು ಸಲ ಅಂದಿದ್ದೇನೋ…

ಜನವರಿ 9, ಗುರುವಾರ

ಅರ್ಧ ದಿನ ರಜೆ. ಆಸ್ಪತ್ರೆಯವರು ಹೇಳಿದ ಹಾಡಿನ ಗುಂಪಿಗೆ ಕರೆದುಕೊಂಡು ಹೋದೆ. ನಂಬಿಕೆ ಇರಲಿಲ್ಲ.

ಬಸ್ ಡಿಪೋ ಹಿಂದಿನ ಬಾಡಿಗೆ ಹಾಲ್. ಪ್ಲಾಸ್ಟಿಕ್ ಕುರ್ಚಿಗಳು ವೃತ್ತಾಕಾರದಲ್ಲಿ. ಹನ್ನೊಂದು ಜನ, ಎಲ್ಲರೂ ಮಾತು ಕಳೆದುಕೊಂಡವರು. ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಬಸ್ ಡ್ರೈವರು, ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಇಪ್ಪತ್ತಾರರ ಹುಡುಗಿ. ನಡೆಸುವವರು ಶಾಲೆಯಿಂದ ನಿವೃತ್ತರಾದ ಸಂಗೀತದ ಟೀಚರ್. ಭಾರೀ ಹೆಂಗಸು, ಅದಕ್ಕಿಂತ ಭಾರೀ ಗಂಟಲು. ಕೀಬೋರ್ಡಿನಲ್ಲಿ ಎರಡು ಮನೆ ಸತ್ತಿವೆ. ಆ ಸ್ವರ ಬಂದಾಗ ಟೀಚರೇ ಬಾಯಲ್ಲಿ ತುಂಬುತ್ತಾರೆ.

“ಮಾತು ಇರೋ ಕೋಣೆ ಒಂದು, ಹಾಡು ಇರೋ ಕೋಣೆ ಇನ್ನೊಂದು” ಎಂದರು ತಲೆ ಮುಟ್ಟಿಕೊಂಡು. “ಒಂದಕ್ಕೆ ಬೀಗ ಬಿದ್ರೆ ಇನ್ನೊಂದರ ಬಾಗಿಲು ತಟ್ಟೋದು. ಅಷ್ಟೇ ನನ್ನ ಕೆಲಸ.”

ಮೊದಲು ಟೀಚರ್ ರಾಗವಾಗಿ ಕೇಳುತ್ತಾರೆ — ಇವತ್ತು ಯಾರು ಬಂದಿದ್ದಾರೆ? ಒಬ್ಬೊಬ್ಬರೇ ಅದೇ ರಾಗದಲ್ಲಿ ಉತ್ತರ ಕೊಡಬೇಕು. ನಮ್ಮವಳ ಸರದಿ ಬಂದಾಗ “ಹಾಗಲ್ಲ” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವಳಿಗಲ್ಲ. ನಗುತ್ತಿದ್ದಳು.

ಜನವರಿ 23, ಗುರುವಾರ

ಹಾಡಿದಳು.

“ನಾನು ಬಂದಿದ್ದೀನಿ.” ಎರಡು ಪದ. ಸ್ಪಷ್ಟ. ಅಂಗಡಿಯಲ್ಲಿ ಗಿರಾಕಿಯನ್ನು ಕರೆಯುತ್ತಿದ್ದ ಅದೇ ದನಿ.

ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆ. ಮುಖ ತೊಳೆಯುವ ನೆಪ. ಎಷ್ಟು ಹೊತ್ತು ತೊಳೆದೆನೋ. ಯಾರೂ ನೋಡಲಿಲ್ಲ.

ಜನವರಿ 26, ಭಾನುವಾರ

ಬೆಳಿಗ್ಗೆ ಅಡುಗೆಮನೆಯಿಂದ ರಾಗವಾಗಿ ಕೇಳಿದೆ — ಟೀ ಬೇಕಾ? ನನ್ನ ಗಂಟಲು ತುಕ್ಕು ಹಿಡಿದ ಗೇಟು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, ನಿಧಾನವಾಗಿ, ಒಂದೊಂದೇ ಅಕ್ಷರ ಎತ್ತಿಟ್ಟ ಹಾಗೆ ಹಾಡಿದಳು: “ಸಕ್ಕರೆ… ಕಮ್ಮಿ.”

ಸಕ್ಕರೆ ಕಮ್ಮಿ! ಮಗಳಿಗೆ ಫೋನ್ ಮಾಡಿ ಹೇಳಿದೆ. ಮೂರು ಗಂಟೆ ರೈಲಿನ ದೂರದಲ್ಲಿ ಲ್ಯಾಬ್ ಟೆಕ್ನಿಶಿಯನ್ ಅವಳು. ಲ್ಯಾಬಿನಲ್ಲೇ ಅತ್ತಳು. “ಅಪ್ಪ, ಇನ್ನೊಂದ್ಸಲ ಹೇಳಿ, ಅಮ್ಮ ಹೇಳಿದ ಹಾಗೇ ಹೇಳಿ.” ಹಾಡಿ ತೋರಿಸಿದೆ.

ಫೆಬ್ರವರಿ 6, ಗುರುವಾರ

ಹಾಡು ಮುಗಿದ ಮೇಲೆ ಟೀಚರ್ ಲ್ಯಾಪ್‌ಟಾಪ್ ತೆರೆದು ಮೂಲೆಯಲ್ಲಿ ಕೂತರು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾರೆ. ಪರದೆಯ ಮೇಲೆ ಕಂಡಿತು — ನಮ್ಮ ಆಫೀಸಿನದೇ ಫಾರಂ. ಆರೋಗ್ಯ ವಿಭಾಗ, ಕೊನೆಯ ದಿನ ಹದಿನಾಲ್ಕು.

“ಹಾಲ್ ಬಾಡಿಗೆ, ವ್ಯಾನ್ ಖರ್ಚು, ಎಲ್ಲ ನನ್ನ ಪಿಂಚಣೀಲೇ ನಡೀತಿದೆ. ಈ ಸಲ ಕೇಳಲೇಬೇಕು” ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ನೀವು ಆಫೀಸಿನವರು ಅಲ್ವಾ. ಇಂಥ ಫಾರಂ ಎಲ್ಲ ನಿಮಗೆ ಅಭ್ಯಾಸ ಇದೆಯಾ?”

“ಅಷ್ಟೇನೂ ಇಲ್ಲ” ಎಂದೆ.

ಪಕ್ಕದಲ್ಲೇ ಇದ್ದಳು ಅವಳು. ತಟ್ಟನೆ ತಿರುಗಿ ನನ್ನ ಮುಖ ನೋಡಿ, ಜೋರಾಗಿ, “ಹಾಗಲ್ಲ! ಹಾಗಲ್ಲ!” ಎಂದಳು. ಟೀಚರ್ ನಕ್ಕರು. ನಾನೂ ನಕ್ಕೆ.

ಅರ್ಜಿದಾರರಿಗೆ ಸಹಾಯ ಮಾಡಬಾರದು — ನಿಯಮ. ಗೊತ್ತಿದ್ದೂ ಮಾಡಿದರೆ ನೌಕರಿಗೇ ಕುತ್ತು. ಸರಿಯಾಗಿಯೇ ಮಾಡಿದೆ.

ಫೆಬ್ರವರಿ 13, ಗುರುವಾರ

ಟೀಚರ್ ಬಾಗಿಲಲ್ಲೇ ಸಾರಿದರು, “ಒತ್ತಿಬಿಟ್ಟೆ! ಹೋಯ್ತು ಅರ್ಜಿ!” ಹಲ್ಲಿನ ಡಾಕ್ಟರು ಎದ್ದು ಕೈಕುಲುಕಿದರು. ಇನ್ನೂ ಒಂದು ದಿನ ಇತ್ತು. ಬಾಯಿ ಬಿಡಲಿಲ್ಲ ನಾನು.

ಫೆಬ್ರವರಿ 24, ಸೋಮವಾರ

ಆರೋಗ್ಯದ ಕಟ್ಟು ಹಂಚಿದರು. 147, ಹಾಡಿನ ಗುಂಪಿನದು, ನನ್ನ ಪಾಲಿಗೇ ಬಂದಿದೆ.

ಹೆಸರು ನೋಡಿದ ಕೂಡಲೇ ಮುಚ್ಚಿಡಬೇಕಿತ್ತು. ಓದಿದೆ. ಒಂದೇ ಸಲ, ನಡುವೆ ಟೀ ಇಲ್ಲದೆ.

‘ಬದಲಾವಣೆಗೆ ಪುರಾವೆ ಏನು?’ — ‘ಗುರುವಾರ ಹತ್ತು ಗಂಟೆಗೆ ಬಂದು ಕೇಳಿ.’

‘ನಮ್ಮ ಹಣ ನಿಂತ ಮೇಲೆ ಹೇಗೆ ಮುಂದುವರಿಸುತ್ತೀರಿ?’ — ‘ಗೊತ್ತಿಲ್ಲ.’

‘ಫಲಾನುಭವಿಯೊಬ್ಬರ ಕಥೆ’ — ‘ಬಟ್ಟೆ ಅಂಗಡಿಯಲ್ಲಿದ್ದ ಒಬ್ಬರು ಬರುತ್ತಾರೆ. ಬಂದಾಗ ಒಂದು ಪದ ಇತ್ತು. ಈಗ ಆರು ಇವೆ. ಅವರು ಮೊದಲ ಸಲ ಹಾಡಿದ ದಿನ ಅವರ ಗಂಡ ಹೊರಗೆ ನಲ್ಲಿಯ ಹತ್ತಿರ ನಿಂತು ಅತ್ತರು. ಯಾರೂ ನೋಡಲಿಲ್ಲ ಎಂದುಕೊಂಡಿದ್ದಾರೆ. ನಾವೆಲ್ಲ ನೋಡಿದೆವು. ಅವರು ಒಳಗೆ ಬರುವವರೆಗೆ ಮುಂದಿನ ಹಾಡು ಶುರು ಮಾಡಲಿಲ್ಲ.’

ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇನ್ನೊಂದು ಮಾತು ಬರೆಯಲೇಬೇಕು, ಇಲ್ಲಿ ಬರೆಯದಿದ್ದರೆ ಎಲ್ಲಿ ಬರೆಯಲಿ. ಓದುತ್ತ ಓದುತ್ತ ಮನಸ್ಸು ತಾನಾಗಿ ಮಾರ್ಕ್ಸ್ ಹಾಕುತ್ತಿತ್ತು. ಐವತ್ತೇಳು.

ಫೆಬ್ರವರಿ 25, ಮಂಗಳವಾರ

ಯಾರಿಗೆ ಗೊತ್ತಾಗುತ್ತದೆ? ಎಂಬತ್ತು ಹಾಕಿ ಸಹಿ ಮಾಡಿದರೆ ಮುಗಿಯಿತು. ಎರಡನೆಯವರು ಓದುವುದು ಗಡಿಯಲ್ಲಿರುವ ಅರ್ಜಿಗಳನ್ನು ಮಾತ್ರ. ಪೆನ್ನು ತೆಗೆದೆ, ಮುಚ್ಚಳ ಹಾಕಿದೆ. ತೆಗೆದೆ, ಹಾಕಿದೆ. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು.

ಫೆಬ್ರವರಿ 26, ಬುಧವಾರ

ಡೈರೆಕ್ಟರಿಗೆ ಬರೆದುಕೊಟ್ಟೆ: ಹೆಂಡತಿ ಈ ಗುಂಪಿನ ಸದಸ್ಯೆ, ನಾನು ಓದಬಾರದು. ಬೆನ್ನು ತಟ್ಟಿದರು. “ನಿಮ್ಮಂಥವರು ಇರೋದ್ರಿಂದಲೇ ಈ ಆಫೀಸಿಗೆ ಒಂದು ಮರ್ಯಾದೆ.” ಫೈಲು ಪೆನ್ಸಿಲ್ ಮೇಡಂ ಟೇಬಲ್ಲಿಗೆ ಹೋಯಿತು. ಮೂರು ಅಡಿ ದೂರ.

ಮಾರ್ಚ್ 27, ಗುರುವಾರ

ಆಯ್ಕೆ ಸಭೆ. ಹಾಡಿಗೆ ಹೋಗಲಾಗಲಿಲ್ಲ, ವ್ಯಾನ್ ಬಂದು ಅವಳನ್ನು ಕರೆದುಕೊಂಡು ಹೋಯಿತು.

147 ಬಂದಾಗ ನಿಯಮದಂತೆ ಹೊರಗೆ ಹೋದೆ. ಕಾರಿಡಾರಿನಲ್ಲಿ ನಮ್ಮದೇ ಪೋಸ್ಟರ್: ‘ಅರ್ಜಿ ಬರೆಯುವುದು ಹೇಗೆ? ಪ್ರತಿ ಸೋಮವಾರ ಉಚಿತ ತರಗತಿ. ಎಲ್ಲರಿಗೂ ಸ್ವಾಗತ.’ ದಿನಾ ಅದರ ಮುಂದೆಯೇ ಓಡಾಡುತ್ತೇನೆ.

ಎಲ್ಲರಿಗೂ ಸ್ವಾಗತ. ಅವತ್ತು ಟೀಚರ್ ಕೇಳಿದಾಗ ಇಷ್ಟು ಹೇಳಬಹುದಿತ್ತು. ನಾನು ಅಲ್ಲಿಯೇ ಕೆಲಸ ಮಾಡೋದು, ನಾನು ಮುಟ್ಟೋ ಹಾಗಿಲ್ಲ, ಆದ್ರೆ ಸೋಮವಾರ ಕ್ಲಾಸ್ ಇದೆ, ಹೋಗಿ. ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಯಾರೂ ಕೇಳುತ್ತಿರಲಿಲ್ಲ. ಆ ಒಂದು ಸಾಲು ಬಾಯಿಗೆ ಬರಲಿಲ್ಲ, ಸುಳ್ಳು ಬಂತು. ಯಾಕೆ? ಗೊತ್ತಿದೆ ಯಾಕೆ ಅಂತ. ನಾಳೆ ಎಲ್ಲರೂ ನನ್ನ ಕೈ ಹಿಡಿದು ಕೇಳುತ್ತಾರೆ, ಮುಜುಗರ… ಗುರುವಾರ ಬೆಳಿಗ್ಗೆ ನಾನು ಬರೀ ಅವಳ ಗಂಡನಾಗಿ ಕೂತಿರಬೇಕಿತ್ತು.

ಒಳಗೆ ಬಂದಾಗ ಬೋರ್ಡಿನ ಮೇಲೆ ಐವತ್ತೆಂಟು. ಗೆರೆ ಅರವತ್ತೈದಕ್ಕೆ ಎಳೆದಿದ್ದಾರೆ.

ಸಂಜೆ ಲಿಫ್ಟಿನ ಹತ್ತಿರ ಪೆನ್ಸಿಲ್ ಮೇಡಂ ತಡೆದು ನಿಲ್ಲಿಸಿದರು. ಕಣ್ಣು ಕೆಂಪಾಗಿತ್ತು. “ಸರ್, ನಾಲ್ಕು ಸಲ ಓದಿದೆ. ಎಲ್ಲಾದರೂ ಏನಾದರೂ ಸಿಗತ್ತಾ ಅಂತ ಹುಡುಕಿದೆ. ನೀವೇ ಕಲಿಸಿದ್ದಲ್ವಾ… ಬರೆದಿದ್ದಕ್ಕೆ ಮಾರ್ಕ್ಸು.”

“ಸರಿಯಾಗೇ ಹಾಕಿದ್ದೀರಿ” ಎಂದೆ. ನನಗಿಂತ ಒಂದು ಹೆಚ್ಚು.

ಏಪ್ರಿಲ್ 3, ಗುರುವಾರ

ಕಾಗದ ಟೀಚರ್ ಕೈ ಸೇರಿದೆ. ಹಾಡಿನ ಮೊದಲು ಓದಿದರು, ‘ವಿಷಾದಿಸುತ್ತೇವೆ’ ಎಂಬಲ್ಲಿವರೆಗೆ. ಆ ಒಕ್ಕಣೆ ಹತ್ತು ವರ್ಷದ ಹಿಂದೆ ಬರೆದವನು ನಾನು. ಪಿಂಚಣಿ ಇನ್ನು ಎಳೆಯುವುದಿಲ್ಲವಂತೆ, ತಿಂಗಳ ಕೊನೆಗೆ ಹಾಲ್ ಬಿಡುತ್ತಾರೆ. ಬಸ್ ಡ್ರೈವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕುರ್ಚಿಯ ಕೈ ಹಿಡಿದು ಒದರಿದ. ಪದವಿಲ್ಲ, ಬರೀ ದನಿ.

ಏಪ್ರಿಲ್ 10, ಗುರುವಾರ

ಟೀಚರಿಗೆ ಹೇಳಿದೆ. ಎಲ್ಲ. ವ್ಯಾನ್ ಹೊರಟ ಮೇಲೆ, ಕುರ್ಚಿ ಒಂದರ ಮೇಲೊಂದು ಪೇರಿಸುತ್ತ.

ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. “ಸೋಮವಾರದ ಕ್ಲಾಸ್ ಅಂತ ಒಂದಿದೆಯಾ?” ಎಂದರು. “ನನಗೆ ಸೋಮವಾರ ಬಿಡುವೇ ಇರತ್ತಲ್ಲ.”

“ಬೈದುಬಿಡಿ ಟೀಚರ್.”

“ಬೈದ್ರೆ ನಿಮಗೆ ಹಗುರ ಆಗತ್ತೆ. ನನಗೇನು?” ಕುರ್ಚಿ ಎತ್ತಿಟ್ಟರು. ಇನ್ನೊಂದು ಎತ್ತುತ್ತ, “ಹೋಗ್ಲಿ ಬಿಡಿ. ಅವರನ್ನ ಮನೇಲಿ ಹಾಡಿಸ್ತಾ ಇರಿ, ನಿಲ್ಲಿಸಬೇಡಿ” ಎಂದರು.

ಏಪ್ರಿಲ್ 24, ಗುರುವಾರ

ಕೊನೆಯ ದಿನ. ಯಾರು ಬಂದಿದ್ದಾರೆ ಎಂದು ಕೇಳಿದಾಗ ಎಲ್ಲರೂ ಒಟ್ಟಿಗೇ ಹಾಡಿದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಇನ್ನೇನೂ ಬರೆಯಲಾರೆ.

ಏಪ್ರಿಲ್ 27, ಭಾನುವಾರ

ಅವಳಿಗೆ ಹೇಳಿದೆ. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು. ಅರ್ಜಿ ನನ್ನ ಟೇಬಲ್ಲಿಗೆ ಬಂದದ್ದು, ಟೀಚರಿಗೆ ಸುಳ್ಳು ಹೇಳಿದ್ದು, ಪೋಸ್ಟರ್, ಎಲ್ಲ.

‘ಹಾಗಲ್ಲ’ ಎಂದೂ ಅನ್ನಲಿಲ್ಲ. ನೋಡುತ್ತ ಕೂತಿದ್ದಳು. ಹೊಸ ವಿಷಯ ಕೇಳಿದವರ ನೋಟವಲ್ಲ ಅದು.

ಆಗ ಹೊಳೆಯಿತು. ಫೆಬ್ರವರಿಯ ಆ ಗುರುವಾರ. ನಾನು ‘ಅಷ್ಟೇನೂ ಇಲ್ಲ’ ಎಂದಾಗ ಅವಳು ‘ಹಾಗಲ್ಲ’ ಎಂದು ಕೂಗಿದ್ದು. ಅವತ್ತು ಅದು ಬಾಯಿಗೆ ಬಂದ ಪದವಲ್ಲ. ಅವಳು ಹೇಳಬೇಕೆಂದಿದ್ದೇ ಅದು. ಹಾಗಲ್ಲ, ಇವರಿಗೆ ಗೊತ್ತಿದೆ, ಇವರನ್ನೇ ಕೇಳಿ. ಒಂಬತ್ತು ಹತ್ತು ತಿಂಗಳಲ್ಲಿ ಮೊದಲ ಸಲ ಮಾತು ನೇರ ಗುರಿಗೆ ಬಿದ್ದಿತ್ತು. ನಾನು ನಕ್ಕಿದ್ದೆ.

ಮಗಳಿಗೂ ಹೇಳಿದೆ. “ಒಂದು ಮಾತು ಅಪ್ಪ! ಒಂದೇ ಒಂದು ಮಾತು! ನಿಮಗೆ ಬಾಯಿ ಇತ್ತಲ್ಲ!” ಫೋನ್ ಇಟ್ಟುಬಿಟ್ಟಳು.

ಮೇ 29, ಗುರುವಾರ

ಒಂದು ತಿಂಗಳಿಂದ ಬರೆದಿಲ್ಲ. ಬರೆಯಲು ಏನಿದೆ? ಬೆಳಿಗ್ಗೆ ಹಾಡುತ್ತೇನೆ. ಉತ್ತರವಿಲ್ಲ. ಜೊತೆಗೆ ಹಾಡಲಿ ಎಂದು ಹಲ್ಲಿನ ಡಾಕ್ಟರನ್ನು ಎರಡು ಭಾನುವಾರ ಮನೆಗೆ ಕರೆದೆ. ಮೂರನೆಯ ವಾರ ಅವರ ಸೊಸೆ, “ಟ್ಯಾಕ್ಸಿ ಸಿಗಲ್ಲ, ಮೆಟ್ಟಿಲು ಬೇರೆ” ಎಂದರು. ಸಕ್ಕರೆ ಹೋಯಿತು. ಕಮ್ಮಿ ಹೋಯಿತು. ಆರು ಪದದಲ್ಲಿ ಮೂರು ಉಳಿದಿವೆಯೇನೋ, ನನ್ನೆದುರು ತೆಗೆಯುವುದಿಲ್ಲ.

ಇವತ್ತು ಬೆಳಿಗ್ಗೆ ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಗುರುವಾರ ಹತ್ತು ಗಂಟೆ. ಬೇಡ ಎನ್ನುವ ಧೈರ್ಯ ಬರಲಿಲ್ಲ. ಆಟೋ ಹಿಡಿದು ಹೋದೆವು. ಹಾಲ್ ಈಗ ಹಾಸಿಗೆಯ ಗೋದಾಮು. ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳು ಸೂರಿನವರೆಗೆ. ಲೋಡಿಂಗಿನವನು ಕೇಳಿದ, “ಸಿಂಗಲ್ ಬೇಕಾ, ಡಬಲ್ಲಾ?” ಅವಳು ಒಳಗೆ ಇಣುಕಿ ನೋಡಿ, ತಾನೇ ತಿರುಗಿ ಆಟೋದಲ್ಲಿ ಹೋಗಿ ಕೂತಳು. ದಾರಿಯುದ್ದಕ್ಕೂ ಆ ಕಡೆ ಮುಖ.

ಜೂನ್ 7, ಶನಿವಾರ

ಮಗಳು ಬಂದಿದ್ದಾಳೆ. ಅವಳ ಊರಿನ ಆಸ್ಪತ್ರೆಯಲ್ಲಿ ಹಾಡಿನ ಕ್ಲಾಸ್ ಇದೆಯಂತೆ, ವಾರಕ್ಕೆ ಮೂರು ದಿನ. ಅಮ್ಮನನ್ನು ಕರೆದುಕೊಂಡು ಹೋಗುತ್ತಾಳೆ. ಒಳ್ಳೆಯದೇ. ನಾನೂ ರಜೆ ಹಾಕಿ ಬರುತ್ತೇನೆ, ಬೇಕಾದರೆ ಕೆಲಸ ಬಿಟ್ಟರೂ ಆಯಿತು ಎಂದೆ. ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಸೀರೆ ಮಡಿಸುತ್ತಿದ್ದಳು. ಒಂದು ಕೈಯಲ್ಲಿ, ಅಂಗಡಿಯ ಮಡಿಕೆ. ಅಂಚಿಗೆ ಅಂಚು.

ಜೂನ್ 8, ಭಾನುವಾರ

ರೈಲು ಹನ್ನೊಂದೂವರೆಗೆ. ಸೀಟಿನಲ್ಲಿ ಕೂರಿಸಿ, ಬ್ಯಾಗು ಮೇಲಿಟ್ಟು, ಪ್ಲಾಟ್‌ಫಾರ್ಮಿಗಿಳಿದು ಕಿಟಕಿಯ ಹತ್ತಿರ ನಿಂತೆ. ಸುತ್ತ ಜನ. ನಾಚಿಕೆ ಬಿಟ್ಟು ಹಾಡಿಯೇ ಕೇಳಿದೆ — ಮುಂದಿನ ವಾರ ನಾನೂ ಬರಲಾ?

ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನಾನು ಹಾಡಿದ ರಾಗದಲ್ಲೇ, ಒಂದು ಸ್ವರವೂ ತಪ್ಪದೆ, ಹಾಡಿದಳು:

“ಬೇಡ.”

ಹೊಸ ಪದ. ಎರಡು ತಿಂಗಳಲ್ಲಿ ನನಗೆ ಸಿಕ್ಕ ಒಂದೇ ಪದ. ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ರೈಲು ಹೊರಟಿತು.

ಜೂನ್ 9, ಸೋಮವಾರ

ಟೀ ಎರಡು ಲೋಟ ಮಾಡಿಬಿಟ್ಟೆ.

ಜುಲೈ 10, ಗುರುವಾರ

ಮಾರ್ಕ್ಸ್ ಕೆಲಸ ಬಿಡಿಸಿ ಸೋಮವಾರದ ಕ್ಲಾಸಿಗೆ ಹಾಕಿ ಎಂದು ಡೈರೆಕ್ಟರಿಗೆ ಬರೆದುಕೊಟ್ಟಿದ್ದೆ. ಇವತ್ತು ಕರೆದು, “ಹದಿನೇಳು ವರ್ಷದ ಅನುಭವಾನ ಅಲ್ಲಿ ಹಾಳು ಮಾಡ್ತೀರಾ? ಮುಂದಿನ ವರ್ಷ ನೋಡೋಣ” ಎಂದರು. ಟೀಚರ್ ಮನೆಗೂ ಹೋಗಿದ್ದೆ. ಬೀಗ. ಅಣ್ಣನ ಮನೆಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದರು ಪಕ್ಕದವರು.

ಮಗಳ ಫೋನ್ ಸಂಜೆ. ಹತ್ತೊಂಬತ್ತು ಪದ ಆಗಿವೆಯಂತೆ. ಹಾಡದೆಯೂ ಕೆಲವು ಬರುತ್ತವಂತೆ. ನೀರು, ಚಾದರ, ಸಾಕು. ಪಕ್ಕದ ಮನೆಯಾಕೆಯ ಸೀರೆ ಮುಟ್ಟಿ ನೋಡಿ “ದುಬಾರಿ” ಎಂದಳಂತೆ. ಇಬ್ಬರೂ ನಕ್ಕೆವು.

“ನನ್ನ ಬಗ್ಗೆ ಏನಾದ್ರೂ…” ಎಂದೆ.

“ಅಪ್ಪ, ಸಿಗ್ನಲ್ ಸರಿ ಇಲ್ಲ, ನಾಳೆ ಮಾಡ್ತೀನಿ.”

ಸಿಗ್ನಲ್ ಚೆನ್ನಾಗಿಯೇ ಇತ್ತು.

ಆಗಸ್ಟ್ 14, ಗುರುವಾರ. ಬೆಳಿಗ್ಗೆ ಹತ್ತೂ ಹತ್ತು

ರಜೆ ಹಾಕಿದ್ದೇನೆ. ಕಾರಣವಿಲ್ಲ. ಗುರುವಾರ ಬೆಳಿಗ್ಗೆ ಆಫೀಸಿನಲ್ಲಿ ಕೂರಲಾಗುವುದಿಲ್ಲ, ಅಷ್ಟೇ. ನೆಲ ಒರೆಸಿದೆ. ಅವಳ ಕಪಾಟು ತೆರೆದು, ಏನೂ ಮುಟ್ಟದೆ ಮುಚ್ಚಿದೆ.

ಮೇಜಿನ ಮೇಲೆ ಫೋನ್ ಬಡಿದುಕೊಳ್ಳುತ್ತಿದೆ. ಮಗಳದಲ್ಲ. ಅವಳದೇ ನಂಬರು. ಸ್ಟ್ರೋಕ್ ಆದ ಮೇಲೆ ಈ ನಂಬರಿನಿಂದ ಒಂದು ಕರೆಯೂ ಬಂದಿಲ್ಲ. ತಾನೇ ಒತ್ತಿದ್ದಾಳೆ. ಬೈಯಲು ಬೇಕಾದಷ್ಟು ಪದ ಈಗ ಇವೆ ಅವಳ ಹತ್ತಿರ. ಬೈಯಲಿ. ಎಷ್ಟು ಬೇಕಾದರೂ… ಎತ್ತಿ ಮೊದಲು ನಾನು ಏನು ಹೇಳ—